ಅಜ್ಜನ ಪದಕ್ಕೆ ಸಿಟ್ಟು ಕಲಿಸಿದ ಮಾಸ್ತರ

ಹೊಸಪೇಟೆಯ ನಮ್ಮ ಓಣಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಹಾಲಿನವನಿಗೂ ಮಾಸ್ತರ, ಕರೆಂಟ್ ಬಿಲ್ ಕೊಡಲು ಬರುವವನಿಗೂ ಮಾಸ್ತರ, ಕಟ್ಟಿಕೊಂಡ ಹೆಂಡತಿಗೂ ಮಾಸ್ತರ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವ ನಾನು ಅವರ ಎದುರು ಮನೆಯವಳು. ಏಳನೇ ಈಯತ್ತೆಗೆ ಶಾಲೆ ಬಿಟ್ಟ ಅವರಿಗೆ ಸಲ್ಲುತ್ತಿದ್ದ ಮರ್ಯಾದೆಯಲ್ಲಿ ಕಾಲು ಭಾಗ ನನಗೆ ಸಂದಿದ್ದರೂ ನನ್ನ ತರಗತಿಗಳು ಇನ್ನಷ್ಟು ಸುಮ್ಮನಿರುತ್ತಿದ್ದವೇನೋ.

ಮದುವೆ ಮೆರವಣಿಗೆಗಳಿಗೆ ಹೋಗುವ ಏಳು ಜನರ ಬ್ಯಾಂಡ್ ಸೆಟ್ಟಿಗೆ ಅವರು ಮಾಸ್ತರ. ದೊಡ್ಡ ಡ್ರಮ್ಮಿನ ಮೇಲೆ ಬ್ಯಾಂಡಿನ ಹೆಸರು, ಅದರ ಕೆಳಗೆ ಮಾಸ್ತರರ ಹೆಸರು ಬರೆಸುವುದು ಎಲ್ಲ ಸೆಟ್ಟುಗಳ ರೂಢಿ. ಇವರು ಬರೆಸಿರಲಿಲ್ಲ. ಒಮ್ಮೆ ಕೇಳಿದ್ದೆ.

"ಬಣ್ಣ ಬಳದಷ್ಟೂ ಡ್ರಮ್ಮು ಮಾತು ಕಮ್ಮಿ ಮಾಡತೈತ್ರಿ ಅಕ್ಕೋರ" ಎಂದಿದ್ದರು.

ಅವರು ತೀರಿಕೊಂಡು ನಾಲ್ಕು ತಿಂಗಳಾಯಿತು. ಡ್ರಮ್ಮಿನ ಮೇಲೆ ಬೇಡವಾಗಿದ್ದ ಹೆಸರನ್ನು ನಾನು ಕಾಗದದ ಮೇಲೆ ಬರೆಯುವುದು ಸರಿಯಲ್ಲ.

ಅವರು ಊದುತ್ತಿದ್ದದ್ದು ಕ್ಲಾರಿನೆಟ್. ಬೆಳಿಗ್ಗೆ ಆರಕ್ಕೆ ಕಟ್ಟೆಯ ಮೇಲೆ ಕೂತು ಅದರ ಬಾಯಿಗೆ ಕಟ್ಟುವ ಬೆತ್ತದ ಸೀಳನ್ನು, ಅಂದರೆ ರೀಡನ್ನು, ನಾಲಿಗೆಯ ಮೇಲಿಟ್ಟು ನೆನೆಸುತ್ತಿದ್ದರು. ಆ ಹತ್ತು ನಿಮಿಷ ಯಾರು ಏನು ಕೇಳಿದರೂ ಹುಬ್ಬಿನಲ್ಲೇ ಉತ್ತರ. ಆಮೇಲೆ ಒಂದೇ ಒಂದು ಉದ್ದನೆಯ ಸ್ವರ. ಅದು ನಮ್ಮ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂದು ಹಾಲಿನ ಪಾತ್ರೆಯ ಮುಚ್ಚಳವನ್ನು ಸಣ್ಣಗೆ ನಡುಗಿಸುತ್ತಿತ್ತು. ಇದನ್ನು ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ನನ್ನ ಅತ್ತೆ ಮಾತ್ರ ನಂಬುತ್ತಿದ್ದರು, ಏಕೆಂದರೆ ಆ ಮುಚ್ಚಳವನ್ನು ಕೈಯಿಂದ ಒತ್ತಿ ಹಿಡಿಯುತ್ತಿದ್ದವರು ಅವರೇ.

ಮೆರವಣಿಗೆಯಲ್ಲಿ ಅವರು ಹಿಮ್ಮುಖವಾಗಿ ನಡೆಯುತ್ತಿದ್ದರು. ಮುಖ ತಮ್ಮ ಆರು ಜನರ ಕಡೆ, ಬೆನ್ನು ಬೀದಿಯ ಕಡೆ. ಗುಂಡಿ, ಚರಂಡಿ ಕಲ್ಲು, ಅಡ್ಡ ಮಲಗಿದ ನಾಯಿ ಯಾವುದಕ್ಕೂ ಎಡವಿದ್ದನ್ನು ನಾನು ನೋಡಿಲ್ಲ. ಯಾವುದೇ ಮಟ್ಟನ್ನು ಒಮ್ಮೆ ಕೇಳಿದರೆ ಸಾಕು, ಬೆರಳಿಗೆ ಬರುತ್ತಿತ್ತು. ನನ್ನ ಮೊಬೈಲು ರಿಂಗಾಗುವ ಸದ್ದನ್ನು ಒಂದು ಸಂಜೆ ಕಟ್ಟೆಯಿಂದ ಊದಿ ಮೂರು ಸಲ ನನ್ನನ್ನು ಒಳಗೆ ಓಡಿಸಿದ್ದರು. ಮೂರನೇ ಸಲ ನಾನು ಫೋನು ಹಿಡಿದುಕೊಂಡೇ ಹೊರಗೆ ಬಂದರೆ, ರೀಡನ್ನು ಬಾಯಲ್ಲಿಟ್ಟುಕೊಂಡು ಹುಬ್ಬಿನಲ್ಲೇ ನಗುತ್ತಿದ್ದರು.

ಕೊರೋನಾ ಬಂದ ವರ್ಷ ಮದುವೆಗಳು ನಿಂತವು. ಬ್ಯಾಂಡಿನ ಕೆಂಪು ಕೋಟುಗಳು ಏಳೂ ನಮ್ಮ ಓಣಿಯ ಹಗ್ಗದ ಮೇಲೆ ಒಣಗಿ, ಮಡಚಿ, ಟ್ರಂಕು ಸೇರಿದವು. ಡ್ರಮ್ಮಿನವನು ತರಕಾರಿ ಗಾಡಿ ತಳ್ಳಿದ. ಟ್ರಂಪೆಟ್ಟಿನವರಿಬ್ಬರು ಎಮ್ಮಿಗನೂರಿನ ಕಡೆ ಭತ್ತದ ನಾಟಿಗೆ ಹೋದರು. ಮಾಸ್ತರರು ಮಾತ್ರ ದಿನಾ ಆರಕ್ಕೆ ರೀಡು ನೆನೆಸುವುದನ್ನು ಬಿಡಲಿಲ್ಲ.

ಆಗ ನಮ್ಮನ್ನು, ಅಂದರೆ ಶಿಕ್ಷಕರನ್ನು, ಮನೆಮನೆ ಸರ್ವೆಗೆ ಹಾಕಿದ್ದರು. ನನಗೆ ಸಿಕ್ಕಿದ್ದು ಕಮಲಾಪುರ. ಹಂಪಿ ನೋಡಲು ಬಂದು ವಿಮಾನ ನಿಂತು ಸಿಕ್ಕಿಬಿದ್ದ ಪರದೇಶದವರ ಪಟ್ಟಿಯನ್ನೂ ಮಾಡಬೇಕಿತ್ತು. ಅಂಥ ಒಂದು ಗೆಸ್ಟ್ ಹೌಸಿನ ಮಾಳಿಗೆಯ ಮೇಲೆ, ಒಣಹಾಕಿದ ಸೀರೆಗಳ ನಡುವೆ, ಬಿಳಿ ಕೂದಲನ್ನು ಗಂಡಸರ ಹಾಗೆ ಕತ್ತರಿಸಿಕೊಂಡ ಹೆಂಗಸೊಬ್ಬಳು ಪಿಟೀಲು ಬಾರಿಸುತ್ತಿದ್ದಳು. ಅರವತ್ತರ ಆಸುಪಾಸು. ಎಡ ಮೊಣಕೈವರೆಗೂ ಹಚ್ಚೆ. ನಾನು ಫಾರ್ಮ್ ತುಂಬುತ್ತ ದೇಶ ಕೇಳಿದೆ. ಐರ್ಲೆಂಡ್ ಎಂದಳು. ಹೆಸರು ಕೇಳಿದೆ. ಮೇವ್ ಎಂದಳು.

ಉದ್ಯೋಗ ಎಂಬ ಕಾಲಮ್ಮಿಗೆ ಬಂದಾಗ ಅವಳು ನಕ್ಕು ಒಂದು ಕಥೆಯನ್ನೇ ಹೇಳಿದಳು. ಅವಳ ಅಜ್ಜ ಜವುಗು ನೆಲದ ಹೆಂಟೆ ಕಡಿದು ಒಣಗಿಸಿ ಒಲೆಯ ಉರುವಲಿಗೆ ಮಾರುತ್ತಿದ್ದವನು. ಊರಿನ ಕುಣಿತಗಳಿಗೆ ಪಿಟೀಲು ಬಾರಿಸುತ್ತಿದ್ದವನು. ಕುಣಿತದ ಮಟ್ಟುಗಳನ್ನು ತಾನೇ ಕಟ್ಟುತ್ತಿದ್ದ. ಇವಳೂ ಇವಳ ತಮ್ಮನೂ ಇಪ್ಪತ್ತರ ಹರೆಯದಲ್ಲಿ ಕೆಲಸ ಹುಡುಕಿ ಲಂಡನ್ನಿಗೆ ಹೋದರು. ಅಲ್ಲಿ ಆಗ ಹುಡುಗರೆಲ್ಲ ಪಂಕ್ ಎಂಬ ಸಂಗೀತದ ಹುಚ್ಚಿಗೆ ಬಿದ್ದಿದ್ದರು: ಕೂದಲು ನೆಟ್ಟಗೆ ನಿಲ್ಲಿಸಿಕೊಂಡು, ಗಿಟಾರಿನ ಮೇಲೆ ಮೂರೇ ಮೂರು ಹಿಡಿತ ಕಲಿತು, ಕೆಲಸ ಕೊಡದ ಲೋಕದ ಮೇಲೆ ಕಿರುಚುವುದು. ಅಕ್ಕ ತಮ್ಮ ಇಬ್ಬರೂ ಅಜ್ಜನ ಮಟ್ಟುಗಳನ್ನು ಆ ಗದ್ದಲದೊಳಕ್ಕೆ ತಂದರು. ಪಿಟೀಲು ಅವಳದು, ಗಿಟಾರು ತಮ್ಮನದು. ಹೆಂಡದಂಗಡಿಯ ಹಿಂದಿನ ಕೋಣೆಯಲ್ಲಿ, ಊರು ಬಿಟ್ಟು ಬಂದ ಕೂಲಿಗಳ ಮುಂದೆ ಬಾರಿಸಿದರು. ಸುದ್ದಿ ಕೇಳಿದ ಅಜ್ಜ ಒಂದು ವರ್ಷ ಇವರ ಜೊತೆ ಮಾತು ಬಿಟ್ಟ.

ನಾನು ಫಾರ್ಮಿನಲ್ಲಿ 'ಸಂಗೀತ' ಎಂದು ಬರೆದುಕೊಂಡು ಮನೆಗೆ ಬಂದೆ. ಸಂಜೆ ಎದುರು ಕಟ್ಟೆಗೆ ಹೋಗಿ ಮಾಸ್ತರರಿಗೆ ಎಲ್ಲವನ್ನೂ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ವರ್ಷ ಆದಮ್ಯಾಲೆ ಅಜ್ಜ ಮಾತಾಡಿದ್ನಂತೇನ್ರಿ?"

ಅದನ್ನು ನಾನು ಕೇಳಿರಲಿಲ್ಲ.

ಓಡಾಟಕ್ಕೆ ಬಿಟ್ಟ ಮೊದಲ ವಾರವೇ ಅವರು ತಮ್ಮ ಮೊಪೆಡ್ಡಿನಲ್ಲಿ ಕಮಲಾಪುರಕ್ಕೆ ಹೊರಟರು. ಮಾತು ದಾಟಿಸಲು ನಾನು ಹಿಂದೆಯೇ ಬಸ್ಸಿನಲ್ಲಿ ಹೋದೆ. ಅವಳು ಹೆಸರು ಹೇಳಿದಾಗ ಮಾಸ್ತರರು ಹೌಹಾರಿದರು.

"ಮೇವಾ? ದನಕ್ಕ ಹಾಕ್ತಾರಲ್ರಿ, ಆ ಮೇವಾ?"

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅವಳು ಕೆಮ್ಮು ಬರುವಷ್ಟು ನಕ್ಕಳು. ಅಂದಿನಿಂದ ಅವಳು ಮೇವಮ್ಮ.

ಮೇವಮ್ಮ ಅಜ್ಜನ ಒಂದು ಮಟ್ಟನ್ನು ಬಾರಿಸಿದಳು. ಜಿಗ್ ಎನ್ನುತ್ತಾರಂತೆ, ಆರು ಪೆಟ್ಟಿನ ಕುಣಿತ. ಮಾಸ್ತರರು ಕಣ್ಣು ಮುಚ್ಚಿ, ಬಲಗೈಯ ಬೆರಳುಗಳನ್ನು ತೊಡೆಯ ಮೇಲೆ ಆಡಿಸುತ್ತ ಕೇಳಿದರು. ಮುಗಿದ ಮೇಲೆ ಕ್ಲಾರಿನೆಟ್ ಎತ್ತಿ ಮೊದಲಿಂದ ಕೊನೆಯವರೆಗೆ ಹಾಗೆಯೇ ಊದಿದರು. ಅವಳ ಕೈಯಲ್ಲಿದ್ದ ಪಿಟೀಲಿನ ಕಮಾನು ಕೆಳಗಿಳಿದದ್ದು ಮತ್ತೆ ಮೇಲೇಳಲೇ ಇಲ್ಲ.

"ಇದು ಕೋಲಾಟದ ನಡಿಗಿ ಐತ್ರಿ. ನಮ್ಮವ್ವ ಕೋಲು ಹಿಡದು ಹಿಂಗ ತಿರಗ್ತಿದ್ಲು" ಎಂದು ಎದ್ದು ನಿಂತು ಎರಡು ಸುತ್ತು ತಿರುಗಿಯೂ ತೋರಿಸಿದರು.

ಆಮೇಲೆ ಮೇವಮ್ಮ ಮೊಬೈಲಿನಲ್ಲಿ ಅದೇ ಮಟ್ಟನ್ನು ಅವಳೂ ತಮ್ಮನೂ ಹಳೆಯ ದಿನಗಳಲ್ಲಿ ಬಾರಿಸಿದ ಮುದ್ರಿಕೆ ಹಾಕಿದಳು. ನನಗೆ ತಗಡಿನ ಮಾಡಿನ ಮೇಲೆ ಕಲ್ಲು ಸುರಿದಂತೆ ಕೇಳಿತು. ಒಳಗೆಲ್ಲೋ ಆ ಕುಣಿತದ ಮಟ್ಟು ಓಡುತ್ತಿತ್ತು, ಹಿಂದೆ ಯಾರೋ ಬೆನ್ನಟ್ಟಿದ ಹಾಗೆ. ಮಾಸ್ತರರ ಮುಖ ಗಂಟಿಕ್ಕಿತು.

"ಅಜ್ಜ ಕಟ್ಟಿದ್ದನ್ನ ಹಿಂಗ ಹರದು ಹಾಕೂದು ತಪ್ಪಲ್ಲೇನ್ರಿ? ಕೇಳ್ರಿ ಅಕೀನ್ನ."

ನಾನು ಕೇಳಿದೆ. ಮೇವಮ್ಮನ ಉತ್ತರ ನನಗೆ ಈಗಲೂ ನೆನಪಿದೆ. ತಮ್ಮ ಊರಲ್ಲಿ ಆ ಮಟ್ಟುಗಳನ್ನು ಬಹುಮಾನದ ಕಪ್ಪುಗಳ ಹಾಗೆ ಗಾಜಿನ ಬೀರುವಿನಲ್ಲಿ ಇಟ್ಟುಬಿಟ್ಟಿದ್ದರು, ಸ್ಪರ್ಧೆ ಬಂದಾಗ ತೆಗೆಯುವುದು, ಒರೆಸಿ ಮತ್ತೆ ಒಳಗಿಡುವುದು. ಅಜ್ಜ ಕಟ್ಟಿದ್ದು ದಣಿದವರು ಕುಣಿಯಲಿ ಎಂದು. ಲಂಡನ್ನಿನಲ್ಲಿ ತಮ್ಮಿಬ್ಬರ ಮುಂದೆ ಇದ್ದ ದಣಿದವರು ಸಿಟ್ಟಾಗಿದ್ದರು. ಅದಕ್ಕೇ ಮಟ್ಟಿಗೂ ಸಿಟ್ಟು ಬಂತು ಎಂದಳು. ಕೊನೆಗೆ, ಅಜ್ಜ ಮಾತಾಡಿದ ಎಂದೂ ಹೇಳಿದಳು. ಒಂದು ವರ್ಷದ ಮೇಲೆ ಲಂಡನ್ನಿಗೆ ಬಂದು, ಕಿವಿಗೆ ಹತ್ತಿ ಇಟ್ಟುಕೊಂಡು ಪೂರ್ತಿ ಕೇಳಿ, "ಎರಡನೇ ಸಾಲು ತಪ್ಪು ಬಾರಿಸುತ್ತೀರಿ" ಎಂದನಂತೆ.

ಮಾಸ್ತರರು ಎದ್ದು ಮೊಪೆಡ್ ಹತ್ತಿದರು. ಎರಡು ದಿನ ಬೆಳಿಗ್ಗೆ ಆರರ ಸ್ವರ ಕೇಳಲಿಲ್ಲ. ಮೂರನೇ ದಿನ ಅವರ ಹೆಂಡತಿ ನಮ್ಮ ಅತ್ತೆಗೆ ಹೇಳಿ ಹೋದ ಮೇಲೆ ನನಗೆ ತಿಳಿಯಿತು. ಮಾಸ್ತರರ ತಂದೆ ಕಂಪ್ಲಿಯಲ್ಲಿ ಗುಡಿಯ ಸನಾದಿ ಊದುತ್ತಿದ್ದವರು. ಮಗ ಹದಿನೆಂಟಕ್ಕೆ ಸನಾದಿ ಬಿಟ್ಟು ಕ್ಲಾರಿನೆಟ್ ಹಿಡಿದು, ದೇವರ ಮುಂದೆ ಊದುವ ಮಟ್ಟುಗಳನ್ನೇ ಮದುವೆ ಕುದುರೆಯ ಮುಂದೆ ಊದಿದ ದಿನ ತಂದೆ ಅವರನ್ನು ಹೊಡೆದು ಹೊರಗೆ ಹಾಕಿದ್ದರು. ಆ ತಂದೆ ಮತ್ತೆ ಮಾತಾಡಲಿಲ್ಲ. ಒಂದು ವರ್ಷವಲ್ಲ, ಸಾಯುವವರೆಗೂ. ಹಾಗಾಗಿ ಅವರು ಮಗನ ಕ್ಲಾರಿನೆಟ್ಟನ್ನು ಒಮ್ಮೆಯೂ ಕೂತು ಕೇಳಲಿಲ್ಲ.

ನಾಲ್ಕನೇ ದಿನ ಮಾಸ್ತರರು ನಮ್ಮ ಬಾಗಿಲಿಗೆ ಬಂದರು.

"ಅಕ್ಕೋರ, ಮೇವಮ್ಮಗ ಹೇಳ್ರಿ. ಎರಡನೇ ಸಾಲು ನಾನೂ ತಪ್ಪು ಊದೀನಿ. ಕಲಸಬೇಕಂತ."

ಕಂಪ್ಲಿಯಲ್ಲಿ ಅವರ ಬಾಲ್ಯದ ಗೆಳೆಯರೊಬ್ಬರ ಅಕ್ಕಿ ಗಿರಣಿ ಇತ್ತು. ಭಾನುವಾರಗಳಂದು ಭತ್ತ ಒಣಗಿಸುವ ಕಣದಲ್ಲಿ ಬಾರಿಸಿಕೊಳ್ಳಲು ಗೆಳೆಯರು ಒಪ್ಪಿದರು. ಏಳು ಜನರೂ ಬಂದರು. ಮೇವಮ್ಮ ಕಮಲಾಪುರದಿಂದ ಬಸ್ಸು ಹಿಡಿದು ಬರುತ್ತಿದ್ದಳು, ಪಿಟೀಲಿನ ಪೆಟ್ಟಿಗೆಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು. ನಾನು ಭಾನುವಾರಗಳ ಅಡುಗೆಯನ್ನು ಅತ್ತೆಗೆ ಬಿಟ್ಟು ಹೋಗುತ್ತಿದ್ದೆ.

ಮೊದಲ ಮೂರು ವಾರ ಅದು ಸಂಗೀತವಾಗಿರಲಿಲ್ಲ. ಮದುವೆ ಬ್ಯಾಂಡಿನ ನಡಿಗೆ ಗಂಭೀರವಾದದ್ದು; ಮದುಮಗನನ್ನು ಹೊತ್ತ ಕುದುರೆಯ ಹೆಜ್ಜೆಗೆ ಹೊಂದಿಕೊಂಡದ್ದು. ಮೇವಮ್ಮನ ಮಟ್ಟು ಅದರ ದುಪ್ಪಟ್ಟು ಓಡುತ್ತಿತ್ತು. ಟ್ರಂಪೆಟ್ಟಿನವರು ಅರ್ಧಕ್ಕೇ ಉಸಿರು ಬಿಟ್ಟು ಕೂತರು.

"ಮಾಸ್ತರ, ಇದು ಬ್ರೇಕ್ ಇಲ್ಲದ ಬಸ್ಸು. ನಾವು ಇಳೀತೀವಿ" ಎಂದ ಅವರಲ್ಲಿ ಒಬ್ಬ.

"ಇಳಿಬ್ಯಾಡ್ರಲೇ. ಬಸ್ಸು ಎಲ್ಲಿಗೆ ಹೊಂಟೈತಿ ನೋಡೂಣು" ಎಂದರು ಮಾಸ್ತರರು.

ಎಲ್ಲರಿಗಿಂತ ಕಷ್ಟಪಟ್ಟವನು ಸೈಡ್ ಡ್ರಮ್ಮಿನವನು. ಪಂಕಿನ ಪೆಟ್ಟು ಅವನ ಕೈಗೆ ಹತ್ತಲಿಲ್ಲ. ಮೇವಮ್ಮ ಬಾಯಲ್ಲಿ ಹೇಳಿಕೊಟ್ಟಳು, ಕಾಲಿನಿಂದ ಕುಟ್ಟಿ ತೋರಿಸಿದಳು, ಮೊಬೈಲು ಕೇಳಿಸಿದಳು. ಅವನ ಕೈ ತಿರುಗಿ ತಿರುಗಿ ಮೆರವಣಿಗೆಗೇ ಬರುತ್ತಿತ್ತು. ಮಾಸ್ತರರು ಅವನ ತೋಳು ಹಿಡಿದು ಗಿರಣಿಯ ಒಳಗೆ ಕರೆದುಕೊಂಡು ಹೋದರು. ಗೆಳೆಯರಿಗೆ ಹೇಳಿ ಮೋಟರು ಹಾಕಿಸಿದರು. ಬೆಲ್ಟು ತಿರುಗಿತು, ಜರಡಿ ಅಲುಗಾಡತೊಡಗಿತು: ಧಡಕ್ ಧಡಕ್ ಧಡಕ್, ನಡುವೆ ಉಸಿರಿಲ್ಲದೆ, ಬೇಸರವಿಲ್ಲದೆ.

"ಇದರ ಎದಿ ಕೇಳಲೇ" ಎಂದರು. "ಮುಂಜಾನಿಂದ ಸಂಜೀತನಕ ನಿಮ್ಮಪ್ಪ ಇಲ್ಲೇ ಚೀಲ ಹೊತ್ತಾನ. ಅವನ ಬೆನ್ನಾಗ ಈ ಸದ್ದು ಐತಿ. ಅದನ್ನ ಡ್ರಮ್ಮಿಗೆ ಹಾಕು."

ಹುಸಿ ಮಾತಲ್ಲ, ಅವನ ತಂದೆ ಅದೇ ಗಿರಣಿಯಲ್ಲಿ ಹಮಾಲಿ ಮಾಡಿದ್ದರು. ಅವನು ಸುಮಾರು ಹೊತ್ತು ಜರಡಿಯ ಪಕ್ಕದಲ್ಲಿ, ತಲೆ ಬಗ್ಗಿಸಿ ನಿಂತಿದ್ದ. ಹೊರಗೆ ಬಂದವನೇ ಕಡ್ಡಿ ಎತ್ತಿಕೊಂಡ. ಮೇವಮ್ಮ ಪಿಟೀಲಿನ ಕಮಾನನ್ನು ಗಾಳಿಯಲ್ಲಿ ಬೀಸಿ ಕೂಗಿದ್ದು ಇಂಗ್ಲಿಷೋ ಅವಳ ಅಜ್ಜನ ಭಾಷೆಯೋ ನನಗೆ ತಿಳಿಯಲಿಲ್ಲ. ಯಾರೂ ಅರ್ಥ ಹೇಳು ಎಂದು ನನ್ನನ್ನು ಕೇಳಲೂ ಇಲ್ಲ.

ಮಾಸ್ತರರು ತಮ್ಮದೊಂದು ಬದಲಾವಣೆ ಮಾಡಿದರು. ಮೊದಲೇ ಓಡಬಾರದು ಎಂದರು. ಮೊದಲ ಸುತ್ತು ಕ್ಲಾರಿನೆಟ್ ಒಂದೇ, ನಿಧಾನವಾಗಿ, ಸನಾದಿಯ ರೀತಿಯಲ್ಲಿ ಸ್ವರ ಎಳೆದು ಎಳೆದು. ಕೇಳುವವನು ಇದು ಗುಡಿಯ ಸಂಗೀತವೆಂದು ಕೈ ಮುಗಿಯಬೇಕು. ಎರಡನೇ ಸುತ್ತಿಗೆ ಪಿಟೀಲು ಸೇರಿ ಕೋಲಾಟದ ನಡಿಗೆ. ಮೂರನೆಯದಕ್ಕೆ ಎಲ್ಲರೂ, ಗಿರಣಿಯ ಓಟದಲ್ಲಿ. ಮೊದಲ ಸಲ ಅದು ಸರಿಯಾಗಿ ಕೂತ ಭಾನುವಾರ, ಕಣದ ಗೋಡೆಯಾಚೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ನಿಂತದ್ದನ್ನು ನಾನು ನೋಡಿದೆ. ಮೂವತ್ತು ವರ್ಷ ಎದುರು ಮನೆಯಲ್ಲಿದ್ದ ಮನುಷ್ಯನನ್ನು ಅಂದು ಮೊದಲ ಸಲ ನೋಡುತ್ತಿದ್ದೇನೆ ಅನ್ನಿಸಿತು.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಮೇವಮ್ಮ ನನಗೆ ಫೋನ್ ಮಾಡಿದಳು. ಊರಿನ ಆಸ್ಪತ್ರೆಯಲ್ಲಿದ್ದ ಅವಳ ತಮ್ಮ ತೀರಿಹೋಗಿದ್ದ. ಅದೇ ಕೊರೋನಾ. ಹೋಗಲು ದಾರಿಯಿರಲಿಲ್ಲ. ಮೂರನೆಯ ದಿನ ಅಲ್ಲಿಯ ಬೆಳಿಗ್ಗೆ ಹನ್ನೊಂದಕ್ಕೆ ಮಣ್ಣು. ನಮ್ಮಲ್ಲಿ ಆಗ ಸಂಜೆ ನಾಲ್ಕೂವರೆ. ಅಲ್ಲಿ ಸೇರಬಹುದಾದ ಜನರೇ ಕೆಲವರು. ಅವರಲ್ಲಿ ಒಬ್ಬರು ಫೋನ್ ಹಿಡಿದು ತೋರಿಸುತ್ತಾರೆ, ಅಷ್ಟೇ ಎಂದಳು. ಅವಳ ದನಿಯಲ್ಲಿ ಅಳುವಿರಲಿಲ್ಲ. ಅಳುವುದಕ್ಕೂ ಪಕ್ಕದಲ್ಲೊಬ್ಬರು ಬೇಕಲ್ಲ.

ನಾನು ಕಟ್ಟೆಗೆ ಹೋಗಿ ಹೇಳಿದೆ. ಮಾಸ್ತರರು ರೀಡನ್ನು ಬಾಯಿಂದ ತೆಗೆದು ಪಂಚೆಗೆ ಒರೆಸಿದರು.

"ನಮ್ಮಲ್ಲಿ ಹೆಣಾ ಕುಂದರಿಸಿ ಭಜನಿ ಮಾಡ್ತೀವಿ. ಹಲಗಿ ಬಾರಿಸಿ ಕಳಸ್ತೀವಿ. ಅವರಲ್ಲಿ ಏನ್ ಮಾಡ್ತಾರಂತ?"

ಅವರಲ್ಲೂ ಹೆಣದ ಪಕ್ಕ ಕೂತು ಹಾಡುತ್ತಾರೆ, ಪಿಟೀಲು ಬಾರಿಸುತ್ತಾರೆ, ಆದರೆ ಈಗ ಯಾರೂ ಸೇರುವ ಹಾಗಿಲ್ಲ ಎಂದು ಮೇವಮ್ಮ ಹೇಳಿದ್ದನ್ನು ಹೇಳಿದೆ.

"ಹಂಗಾದ್ರ ಸುಮ್ನ ಕಳಸ್ತಾರೇನು? ಬ್ಯಾಡ್ರಿ. ಅದು ಬ್ಯಾಡ" ಎಂದು ಎದ್ದು ಒಳಗೆ ಹೋಗಿ ಟ್ರಂಕು ತೆರೆದರು.

ಮೂರನೆಯ ದಿನ ನಾಲ್ಕು ಗಂಟೆಗೆ ಕಮಲಾಪುರದ ಆ ಮಾಳಿಗೆಯ ಮೇಲೆ ಏಳು ಜನ ಕೆಂಪು ಕೋಟು, ಬಿಳಿ ಪ್ಯಾಂಟು ತೊಟ್ಟು ಸಾಲಾಗಿ ನಿಂತಿದ್ದರು. ಕೋಟಿನ ಗುಂಡಿಗಳನ್ನು ಮಾಸ್ತರರ ಹೆಂಡತಿ ಹುಣಸೆಹಣ್ಣು ಹಾಕಿ ಬೆಳಗಿದ್ದರು. ಮೇವಮ್ಮ ಮೆಟ್ಟಿಲು ಹತ್ತಿ ಬಂದು ಅವರನ್ನು ನೋಡಿ ಅಲ್ಲೇ ನಿಂತಳು.

ಅಷ್ಟರಲ್ಲಿ ಒಂದು ತೊಂದರೆ ಎದ್ದಿತು. ಪಕ್ಕದ ಮನೆಯ ಮುಂದೆ ಹಸಿರು ಚಪ್ಪರ ಹಾಕಿತ್ತು, ಎರಡು ದಿನಕ್ಕೆ ಮದುವೆ. ಬ್ಯಾಂಡಿನವರನ್ನು ಕಂಡು ಸಂಭ್ರಮದಿಂದ ವಿಚಾರಿಸಿದವರಿಗೆ ಇದು ಸಾವಿನ ಕೆಲಸವೆಂದು ಗೊತ್ತಾಯಿತು. ಆ ಮನೆಯ ಅಜ್ಜಿ ಗೋಡೆಯಂಚಿಗೆ ಬಂದರು. ಎಂಬತ್ತರ ಮೇಲಿನ ವಯಸ್ಸು, ಹಣೆಯ ತುಂಬ ವಿಭೂತಿ.

"ಏನೋ ತಮ್ಮಾ, ಚಪ್ಪರದ ಮಗ್ಗಲಾಗ ಸತ್ತೋರ ಬಾಜಾ ಬಾರಸ್ತಿಯೇನು?"

ಮಾಸ್ತರರು ಗೋಡೆಯ ಹತ್ತಿರ ಹೋಗಿ ಕೈ ಮುಗಿದರು. "ಅವ್ವಾ, ಈ ತಾಯಿ ತಮ್ಮ ಹೋಗ್ಯಾನ. ಇಕೀ ಇಲ್ಲಿ ಸಿಕ್ಕೊಂಡಾಳ. ಮಣ್ಣು ಕೊಡಾಕೂ ಆಗವಲ್ದು."

ಅಜ್ಜಿ ಮೇವಮ್ಮನನ್ನು ಮೇಲಿಂದ ಕೆಳಗೆ ನೋಡಿದರು. "ಹೆಣ ಎಲ್ಲೈತಿ?"

"ಸಮುದ್ರದಾಚಿಗಿ."

"ಎಷ್ಟ ದೂರ?"

"ವಿಮಾನದಾಗ ಒಂದು ದಿನದ ಹಾದಿ ಅಂತಾರ. ಈಗ ವಿಮಾನನೂ ಇಲ್ಲ."

ಅಜ್ಜಿ ಸ್ವಲ್ಪ ಯೋಚಿಸಿದರು. ಹಿಂದೆ ಅವರ ಮಗ ಏನೋ ಹೇಳಲು ಬಾಯಿ ತೆರೆದದ್ದನ್ನು ಕೈ ಎತ್ತಿ ನಿಲ್ಲಿಸಿದರು.

"ವಿಮಾನನ ಇಲ್ಲಂದ್ರ ಮೈಲಿಗಿ ಹೆಂಗ ಬರತೈತೋ? ನಡಕೊಂತ ಬರಬೇಕು. ಅದು ಬರೂದ್ರಾಗ ನಮ್ಮ ಮದುವಿ ಮುಗದು, ಕೂಸು ಹುಟ್ಟಿರತೈತಿ. ಬಾರಸ್ರಿ."

ಸರಿಯಾಗಿ ನಾಲ್ಕೂವರೆಗೆ ನನ್ನ ಕೈಯ ಫೋನಿನಲ್ಲಿ ಮಂಜು ಕವಿದ ಹಸಿರು ನೆಲ, ಕಪ್ಪು ಕೋಟಿನ ಕೆಲವರು, ಒಂದು ಪೆಟ್ಟಿಗೆ ಕಂಡಿತು. ಮಾಸ್ತರರು ಮೆರವಣಿಗೆಯಲ್ಲಿ ನಿಲ್ಲುವ ಹಾಗೆ ತಮ್ಮವರ ಕಡೆಗೆ ಮುಖ ಮಾಡಲಿಲ್ಲ. ಫೋನಿನ ಕಡೆಗೆ ತಿರುಗಿ ನಿಂತರು. ಮೊದಲ ಸುತ್ತು ಅವರೊಬ್ಬರೇ. ಸನಾದಿಯ ಎಳೆತ. ಪೆಟ್ಟಿಗೆಯ ಸುತ್ತ ನಿಂತವರು ಒಬ್ಬೊಬ್ಬರಾಗಿ ಫೋನಿನತ್ತ ತಲೆ ತಿರುಗಿಸಿದರು. ಎರಡನೇ ಸುತ್ತಿಗೆ ಮೇವಮ್ಮ ಪಿಟೀಲು ಎತ್ತಿದಳು. ಕಣ್ಣೀರು ಗದ್ದದಿಂದ ಇಳಿದು ಪಿಟೀಲಿನ ಮರದ ಮೇಲೆ ಬೀಳುತ್ತಿತ್ತು, ಕೈ ತಪ್ಪಲಿಲ್ಲ. ಮೂರನೆಯದಕ್ಕೆ ಡ್ರಮ್ಮು ಎದ್ದಿತು. ಟ್ರಂಪೆಟ್ಟುಗಳು ಎದ್ದವು. ಸಿಟ್ಟು, ದುಃಖ, ಕುಣಿತ ಯಾವುದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಸುರುವಾಯಿತೋ ಗೊತ್ತಾಗದ ಹಾಗೆ ಒಂದು ಸದ್ದು ಕಮಲಾಪುರದ ಬಾಳೆತೋಟಗಳ ಮೇಲೆ ಹೋಯಿತು. ಆ ಕಡೆ ಮಂಜಿನಲ್ಲಿ ಮುದುಕನೊಬ್ಬ ಒದ್ದೆ ಹುಲ್ಲಿನ ಮೇಲೆ ಕಾಲು ಕುಟ್ಟತೊಡಗಿದ. ಆಮೇಲೆ ಇನ್ನೊಬ್ಬ. ಕೊನೆಗೆ ಎಲ್ಲರೂ.

ಪದ ಮುಗಿಯಿತು. ಗೋಡೆಯಾಚೆಯಿಂದ ಅಜ್ಜಿ ಒಂದು ತಂಬಿಗೆ ನೀರು ಚಾಚಿದರು, ಮೇವಮ್ಮನಿಗೆ ಮುಖ ತೊಳೆಯಲು. ನಂತರ ಮಾಸ್ತರರನ್ನು ಕರೆದರು.

"ಇದನ್ನ ನಾಡದು ನಮ್ಮ ಮದುವ್ಯಾಗೂ ಬಾರಸ್ರಿ. ಕಡೀ ಭಾಗ ಭಾಳ ಮಸ್ತ್ ಐತಿ."

ಬಸ್ಸಿನಲ್ಲಿ ಬರುವಾಗ ಮಾಸ್ತರರು ನನ್ನ ಮುಂದಿನ ಸೀಟಿನಲ್ಲಿ ಕೂತಿದ್ದರು. ಅನಂತಶಯನ ಗುಡಿ ದಾಟುವವರೆಗೂ ಕಿಟಕಿಯ ಹೊರಗೇ ನೋಡುತ್ತಿದ್ದವರು ತಿರುಗಿ, "ಸಾವಿಗೂ ಆತು, ಮದುವಿಗೂ ಆತು. ಗಟ್ಟಿ ಪದ ಬಿಡ್ರಿ ಅದು" ಎಂದರು. ಮತ್ತೆ ಕಿಟಕಿಯತ್ತ ತಿರುಗಿ, "ನಮ್ಮಪ್ಪ ಇದ್ದಿದ್ರ ಮೊದಲನೇ ಸುತ್ತಿನಾಗ ಒಂದು ತಪ್ಪು ಹಿಡಿತಿದ್ದ. ಎಲ್ಲಿ ಅಂತ ನನಗ ಗೊತ್ತೈತಿ" ಎಂದರು.

ಮೇವಮ್ಮ ಮುಂದಿನ ಬೇಸಿಗೆಯ ಹೊತ್ತಿಗೆ ಊರಿಗೆ ಹೋದಳು. ಪದ ಇಲ್ಲೇ ಉಳಿಯಿತು. 'ಮೇವಮ್ಮನ ಪದ' ಎಂದರೆ ಸಂಡೂರಿನಲ್ಲೂ ಕೇಳಿ ಊದಿಸಿಕೊಳ್ಳುವವರಾದರು. ಸಂಡೂರಿನ ಒಂದು ಮದುವೆಯಲ್ಲಿ, ಮೈನಿಂಗಿನ ಲಾರಿ ಡ್ರೈವರುಗಳೇ ತುಂಬಿದ್ದ ದಿಬ್ಬಣದಲ್ಲಿ, ಡಿಜೆ ಗಾಡಿಯ ಜನರೇಟರು ಕೈಕೊಟ್ಟಿತು. ಮಾಸ್ತರರು ಮೂರನೇ ಸುತ್ತನ್ನು ಹತ್ತು ಸಲ ತಿರುಗಿಸಿದರು. ಜನರೇಟರು ರಿಪೇರಿಯಾದ ಮೇಲೂ ಅದನ್ನು ಹಾಕಲು ಡ್ರೈವರುಗಳು ಬಿಡಲಿಲ್ಲವಂತೆ.

ನನ್ನನ್ನು ಬೆರಗುಗೊಳಿಸಿದ್ದು ಬೇರೆ. ಎರಡು ವರ್ಷದ ಮೇಲೆ ಚುನಾವಣೆ ಕೆಲಸಕ್ಕೆ ಚೋರನೂರಿಗೆ ಹೋಗಿದ್ದೆ. ಶಾಲೆಯ ಹಿಂದಿನ ಹೊಲದಲ್ಲಿ ಹೆಂಗಸರು ಶೇಂಗಾ ಬಿಡಿಸುತ್ತ ಹಾಡುತ್ತಿದ್ದರು. ಮಾತು ಅವರವೇ: ನೀರು ಬಿಡದ ಗೌಡನ ಮೇಲೆ, ಕುಡಿದು ಮಲಗಿದ ಗಂಡನ ಮೇಲೆ. ಮಟ್ಟು ಐರ್ಲೆಂಡಿನ ಆ ಅಜ್ಜನದು. ಯಾರು ಕಲಿಸಿದರು ಎಂದು ಕೇಳಿದೆ.

"ಯಾರ್ ಕಲಸ್ತಾರ್ರಿ? ನಮ್ಮ ಹಳೇ ಪದ ಐತಿ ಇದು" ಎಂದಳು ಒಬ್ಬಳು.

ಅದನ್ನು ಫೋನಿನಲ್ಲಿ ಹಿಡಿದು ತಂದು ಮಾಸ್ತರರಿಗೆ ಕೇಳಿಸಿದೆ. ಅವರು ಮೂರು ಸಲ ಕೇಳಿದರು. "ಎರಡನೇ ಸಾಲು ತಪ್ಪು ಹಾಡ್ಯಾರ" ಎಂದರು. ನಾಲ್ಕನೇ ಸಲ ಕೇಳಿ, "ಆದ್ರ ಅದ ಚಲೋ ಐತಿ. ಇನ್ನಮ್ಯಾಲೆ ಹಂಗ ಊದೂಣು" ಎಂದರು.

ಹಾಗೆ ಊದಲು ಅವರಿಗೆ ಬಹಳ ದಿನ ಆಗಲಿಲ್ಲ. ಸಕ್ಕರೆ ಕಾಯಿಲೆಗೆ ಹಲ್ಲುಗಳು ಒಂದೊಂದಾಗಿ ಸಡಿಲಾದವು. ಮುಂದಿನ ಹಲ್ಲು ಹೋದವನಿಗೆ ಕ್ಲಾರಿನೆಟ್ ಇಲ್ಲ. ಕಟ್ಟಿಸಿದ ಹಲ್ಲಿನಲ್ಲಿ ಒಂದು ವಾರ ಪ್ರಯತ್ನಿಸಿ, ಎಂಟನೇ ದಿನ ವಾದ್ಯವನ್ನು ಒರೆಸಿ ಟ್ರಂಪೆಟ್ಟಿನವನ ಮನೆಗೆ ಕೊಟ್ಟು ಬಂದರು. ಹಾಲಿನ ಪಾತ್ರೆಯ ಮುಚ್ಚಳ ಅಲುಗದ ಬೆಳಗುಗಳಿಗೆ ನಾವು ಒಗ್ಗಿಕೊಳ್ಳಬೇಕಾಯಿತು.

ಕಳೆದ ವರ್ಷ ನನ್ನ ಒಂಬತ್ತನೇ ತರಗತಿಗೆ ಬಂದು ಮಕ್ಕಳೊಡನೆ ಮಾತಾಡಿ ಎಂದು ಕರೆದೆ. ಹಲ್ಲಿಲ್ಲದ ಬಾಯಿಗೆ ನಾಚಿ ಮೊದಲು ಒಪ್ಪಲಿಲ್ಲ. ಕೊನೆಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರು. ಭಾಷಣ ಮಾಡಲಿಲ್ಲ. ಮಕ್ಕಳನ್ನೇ ಕೇಳಿದರು: "ನಿಮ್ಮಜ್ಜಿ ಹಾಡೂ ಪದ ಯಾರಿಗೆ ಬರತೈತಿ?"

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ನೆಲ ನೋಡುತ್ತ, ಅಜ್ಜಿಯ ಜೋಗುಳ ಹಾಡಿದಳು. ಸಣ್ಣ, ಇಂಪಾದ ದನಿ.

"ಭಾಳ ಚಂದ ಐತವ್ವಾ. ಈಗ ಸಿಟ್ಟಿಲೆ ಹಾಡು."

"ಜೋಗುಳಕ್ಕ ಎಂಥಾ ಸಿಟ್ಟ್ರಿ ಅಜ್ಜಾ?"

"ಹಗಲೆಲ್ಲ ಕೂಲಿ ಮಾಡಿ ಬಂದಾಕಿ. ಸೊಂಟ ಹಿಡದೈತಿ. ಕೂಸು ಮಲಗವಲ್ದು. ಗಂಡ ಗೊರಕಿ ಹೊಡಿಯಾಕತ್ಯಾನ. ಸಿಟ್ಟು ಬರಂಗಿಲ್ಲೇನು ಅಕಿಗೆ?"

ಹುಡುಗಿ ತಲೆ ಎತ್ತಿ ಅವರನ್ನು ನೋಡಿದಳು. ನಂತರ ಹಾಡಿದ್ದು ಅದೇ ಜೋಗುಳ ಎಂದರೆ ಯಾರೂ ನಂಬುವಂತಿರಲಿಲ್ಲ. ಮಾಸ್ತರರು ಮುಂದಿನ ಬೆಂಚನ್ನು ಅಂಗೈಯಲ್ಲಿ ಬಡಿಯತೊಡಗಿದರು. ಆ ಬೆಂಚಿನವರು ಬಡಿದರು, ಹಿಂದಿನವರು ಬಡಿದರು, ಐವತ್ತೆರಡು ಮಕ್ಕಳು ನೂರನಾಲ್ಕು ಕೈಗಳಿಂದ ಬಡಿದರು. ಕೆಲವರು ಬೆಂಚು ಹತ್ತಿದರು. ಸುಮ್ಮನಿರಿ ಎನ್ನಬೇಕಾದವಳು ನಾನು. ಡಸ್ಟರಿನಿಂದ ಮೇಜು ಬಡಿಯುತ್ತಿದ್ದೆ.

ಬಾಗಿಲಲ್ಲಿ ನಮ್ಮ ಹೆಡ್ಮಾಸ್ತರರು ನಿಂತಿದ್ದರು. ಎಮ್ಮಿಗನೂರಿನವರು, ಸದ್ದು ಎಂದರೆ ಆಗದವರು, ಸ್ಟಾಫ್ ರೂಮಿನಲ್ಲೂ ಪಿಸುಗುಟ್ಟಿ ಮಾತಾಡುವವರು. ತರಗತಿ ಒಮ್ಮೆಲೇ ಸ್ತಬ್ಧವಾಯಿತು. ಬೆಂಚಿನ ಮೇಲಿದ್ದವರು ಇಳಿಯುವ ಧೈರ್ಯವೂ ಇಲ್ಲದೆ ಹಾಗೇ ನಿಂತರು. ನಾನು ಡಸ್ಟರನ್ನು ಬೆನ್ನ ಹಿಂದೆ ಮರೆಮಾಡಿದೆ.

ಮಾಸ್ತರರು ಮಾತ್ರ ಅವರನ್ನು ನೋಡಿ, ಇದ್ದ ಎರಡು ಹಲ್ಲು ಕಾಣುವಂತೆ ನಕ್ಕರು.

"ಬರ್ರಿ ಸರ. ನಿಮ್ಮಜ್ಜಿ ಯಾವ ಪದ ಹಾಡ್ತಿದ್ರು?"

ಹೆಡ್ಮಾಸ್ತರರು ನನ್ನನ್ನು ನೋಡಿದರು. ಮಕ್ಕಳನ್ನು ನೋಡಿದರು. ಗಂಟಲು ಸರಿಮಾಡಿಕೊಂಡು, ಎಂದಿನ ಪಿಸುದನಿಯಲ್ಲಿ, "ಜ್ವಾಳ ಬೀಸೂ ಮುಂದ ಒಂದು ಹಾಡ್ತಿದ್ಲು" ಎಂದರು. ಬಾಗಿಲ ಚೌಕಟ್ಟು ಹಿಡಿದುಕೊಂಡೇ ಎರಡು ಸಾಲು ಹಾಡಿದರು. ಶ್ರುತಿ ಇರಲಿಲ್ಲ. ಯಾರೂ ನಗಲಿಲ್ಲ.

ಮಾಸ್ತರರು ತಲೆದೂಗಿದರು, ಎರಡೂ ಅಂಗೈಗಳನ್ನು ಬೆಂಚಿನ ಮೇಲೆತ್ತಿ ಹಿಡಿದರು.

"ಚಲೋ ಐತ್ರಿ ಸರ. ಈಗ ಸಿಟ್ಟಿಲೆ."

ಹೆಡ್ಮಾಸ್ತರರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು, ಒಳಗೆ ಬಂದು ಎದೆ ತುಂಬ ಉಸಿರು ಎಳೆದುಕೊಂಡರು.